ಪುಲ್ ಮೇಲಿಂದ ಹೋದ್ರು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದು ಹೇಳಲು ಸುಲಭ. ಉಡುಪಿ ಕಡೆಯ ನಮ್ಮ ಊರಿನಲ್ಲಿ ತೋಡು ದಾಟಲು ಎರಡು ತೆಂಗಿನ ದಿಮ್ಮಿ ಜೋಡಿಸಿದ ಸಂಕ ಇತ್ತು. ಓರಗೆಯ ಹುಡುಗಿಯರು ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಅದರ ಮೇಲೆ ಓಡುತ್ತಿದ್ದರೆ, ನಾನು ಕುಳಿತು, ಅಂಡು ಜಾರಿಸುತ್ತ ಜಾರಿಸುತ್ತ ಆಚೆ ದಡ ಮುಟ್ಟುತ್ತಿದ್ದೆ. ಮಳೆಗಾಲದಲ್ಲಂತೂ ಅಮ್ಮ ಬಂದು ಕೈ ಹಿಡಿದು ದಾಟಿಸಬೇಕಿತ್ತು. ಅಂಥವಳನ್ನು ಮುಂಬಯಿಗೆ ಕೊಟ್ಟರು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಸಯನ್ ಸ್ಟೇಶನ್ನಿನ ಹತ್ತಿರ ಒಂದು ಚಾಳಿನ ಮೇಲಿನ ಮಾಳಿಗೆಯಲ್ಲಿ ನಮಗೊಂದು ಕೋಣೆ. ನಮ್ಮವರು ಮೊದಲು ದಾದರಿನ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದರು. ಮದುವೆಯಾದ ಮೇಲೆ, ಎಷ್ಟು ದಿನ ಇನ್ನೊಬ್ಬರ ಒಲೆ ಉರಿಸುವುದು ಎಂದು, ಖಾಡಿಯ ಆಚೆ ಒಂದು ಕಾರ್ಖಾನೆಯ ಕ್ಯಾಂಟೀನು ವಹಿಸಿಕೊಂಡರು. ಖಾಡಿ ಎಂದರೆ ಸಮುದ್ರ ನೆಲದೊಳಗೆ ಚಾಚಿಕೊಂಡ ಉಪ್ಪುನೀರು, ಕೆಸರು. ಮಾನ್‌ಖುರ್ದ್ ದಾಟಿದರೆ ಮುಂಬಯಿ ಮುಗಿದು ಅದು ಸಿಗುತ್ತಿತ್ತು. ಅದರ ಮೇಲೆ ವಾಶಿಗೆ ಹೋಗಲು ಹೊಸ ಸೇತುವೆ ಆಗಿತ್ತು. ಊರಿಗೆ ಊರೇ ಅದನ್ನು ಪುಲ್ ಎನ್ನುತ್ತಿತ್ತು, ನಾವೂ ಪುಲ್ ಎಂದೇ ಅನ್ನುತ್ತಿದ್ದೆವು.

ನಸುಕಿನಲ್ಲಿ ಇಬ್ಬರೂ ಎದ್ದು ಇಡ್ಲಿ ಬೇಯಿಸುತ್ತಿದ್ದೆವು. ಬೆಂದದ್ದನ್ನು ಎರಡು ದೊಡ್ಡ ಅಲ್ಯುಮಿನಿಯಂ ಡಬ್ಬಿಗಳಿಗೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಬಿಗಿದು, ಸೈಕಲಿನ ಕ್ಯಾರಿಯರಿನ ಎರಡೂ ಮಗ್ಗುಲಿಗೆ ಕಟ್ಟಿ ಅವರು ಹೊರಡುವರು. ಬಾಗಿಲಲ್ಲಿ ನಿಂತು ‘ಬರ್ತೇನೆ’ ಎನ್ನುವರು. ನಾನು ಸ್ಟವ್ವಿನ ಮುಂದಿನಿಂದ ತಿರುಗಿಯೂ ನೋಡದೆ ‘ಹ್ಞೂಂ’ ಎನ್ನುವೆ. ನಮ್ಮಲ್ಲಿ ಹೊರಟವರು ‘ಹೋಗ್ತೇನೆ’ ಎನ್ನುವುದಿಲ್ಲ. ಹಾಸಿಗೆ ಹಿಡಿದ ಮುದುಕರು ಹೋಗುತ್ತಾರೆ, ಕೆಲಸಕ್ಕೆ ಹೊರಟವರು ಬರುತ್ತಾರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮಾತು ಕಲಿಯುವಾಗಲೇ ಬಂದುಬಿಡುತ್ತದೆ.

ಆ ಪುಲ್ ನಾನು ನೋಡಿರಲಿಲ್ಲ. ನೋಡದೆಯೇ ಹೆದರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಶುರುವಿನ ದಿನಗಳಲ್ಲಿ ದಿನಾ ಕೇಳುತ್ತಿದ್ದೆ.

‘ಲಾರಿ ಎಲ್ಲ ಹೋಗ್ತದಲ್ಲ ಅದರ ಮೇಲೆ? ಸೈಕಲಿಗೆ ಜಾಗ ಉಂಟಾ?’

‘ಜಾಗ ಎಂತಕ್ಕೆ ಇಲ್ಲ ಮಾರಾಯ್ತಿ! ಬದಿಗೆ ಫುಟ್‌ಪಾತ್ ಉಂಟು, ನಿಮ್ಮ ಮನೆಯ ಜಗಲಿಯಷ್ಟು ಅಗಲ. ನೀನು ಬಂದರೆ ಚಾಪೆ ಹಾಸಿ ಮಲಗಬಹುದು.’

ನಮ್ಮ ಮನೆಯ ಜಗಲಿಯಲ್ಲಿ ಸಾಲಾಗಿ ಹತ್ತು ಮಂದಿ ಮಲಗುತ್ತಿದ್ದೆವು. ಅಷ್ಟು ಅಗಲದ ಜಾಗದಲ್ಲಿ ಅವರು ಗಾಳಿ ಕುಡಿಯುತ್ತ ಸೈಕಲ್ ತುಳಿಯುವುದನ್ನು ಮನಸ್ಸಿನಲ್ಲೇ ಕಂಡು ನಾನು ಸಮಾಧಾನ ಮಾಡಿಕೊಂಡೆ. ಕೆಲವು ತಿಂಗಳು ಕಳೆದ ಮೇಲೆ ಕೇಳುವುದನ್ನೂ ಬಿಟ್ಟೆ.

ಆ ದಿನ ಬೆಳಗಿನಿಂದ ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಅವರು ಹೊರಟು ಸಾಕಷ್ಟು ಹೊತ್ತಾಗಿತ್ತು. ನಾನು ಮರುದಿನಕ್ಕೆ ಉದ್ದು ನೆನೆಸುತ್ತಿದ್ದೆ. ಆಗ ಪಕ್ಕದ ಕೋಣೆಯವರ ಮಗಳು ಬಾಗಿಲಿಗೆ ಬಂದಳು. ಅವಳ ತಂದೆತಾಯಿ ನಮ್ಮ ಕಡೆಯವರೇ, ಆದರೆ ಅವಳು ಹುಟ್ಟಿ ಬೆಳೆದದ್ದು ಈ ಚಾಳಿನಲ್ಲಿ. ಕಾಲೇಜಿಗೆ ಹೋಗುತ್ತಿದ್ದಳು. ನನ್ನನ್ನು ಅಕ್ಕ, ನಮ್ಮವರನ್ನು ಅಣ್ಣ ಎನ್ನುತ್ತಿದ್ದಳು. ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಮಾತ್ರ ಹಿಂದಿಯಲ್ಲಿ ಯೋಚಿಸಿ, ಒಂದೊಂದೇ ಮಾತು ಹುಡುಕಿ, ಸಿಕ್ಕಿದ್ದನ್ನು ಜೋಡಿಸಿ ಕೊಡುತ್ತಿದ್ದಳು. ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವ ಅವಸರದಲ್ಲಿದ್ದಳು.

‘ಅಕ್ಕಾ, ಕೆಳಗೆ ಮೆಡಿಕಲ್‌ನಲ್ಲಿ ಫೋನ್ ಬಂತು. ನಾನೇ ತಗೊಂಡೆ. ಮಾನ್‌ಖುರ್ದ್‌ನಿಂದ ಯಾರೋ ಚಾಯ್‌ವಾಲಾ. ಅಣ್ಣ ಪುಲ್ ಮೇಲಿಂದ... ಹೋದ್ರು ಅಂತೆ. ಸೈಕಲ್ ಅಲ್ಲೇ ಇದೆ.’

ನನ್ನ ಕೈಯಲ್ಲಿದ್ದ ಉದ್ದಿನ ನೀರು ಹಾಗೇ ಚೆಲ್ಲಿತು.

‘ಹೋದ್ರಾ?’

‘ಹಾಂ, ಹೋದ್ರು. ಊಟಕ್ಕೆ ಕಾಯಬೇಡಿ ಅಂತೆ. ಫಿಕರ್ ಮಾಡ್ಬೇಡಿ.’

ಇಷ್ಟು ಹೇಳಿ, ನನ್ನ ಲೋಕಲ್ ತಪ್ಪುತ್ತೆ ಎಂದು ಮೆಟ್ಟಿಲಿಳಿದು ಓಡಿದಳು. ಪುಲ್ ಮೇಲಿಂದ ಹೋದರು. ಸೈಕಲ್ ಅಲ್ಲೇ ಇದೆ. ಊಟಕ್ಕೆ ಕಾಯಬೇಡಿ. ಇನ್ನು ಯಾವ ಊಟಕ್ಕೆ ಕಾಯುವುದು ನಾನು? ಕಾಲಿನ ಕೆಳಗೆ ನೆಲವಿಲ್ಲದಂತಾಯಿತು. ಅಳು ಬರಲಿಲ್ಲ. ಕೆಳಗೆ ಹೋಗಿ ಅಂಗಡಿಯವನನ್ನು ಕೇಳಿದರೆ, ಫೋನ್ ಬಂದದ್ದು ಹೌದು, ಮಾತಾಡಿದ್ದು ಆ ಹುಡುಗಿ, ತನಗೇನೂ ಗೊತ್ತಿಲ್ಲ ಎಂದ.

ಮಾನ್‌ಖುರ್ದಿನ ಬಸ್ಸು ಹತ್ತಿದೆ. ಚೆಂಬೂರಿನವರೆಗೂ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ, ಬಿಟ್ಟರೆ ಯಾರೋ ಕಿತ್ತುಕೊಂಡು ಹೋಗುತ್ತಾರೆ ಎನ್ನುವಂತೆ. ಕಂಡಕ್ಟರ್ ಎರಡು ಸಲ ‘ಕುಠೇ?’ ಎಂದು ಕೇಳಿದ ಮೇಲೆ ಎಲ್ಲಿಗೆ ಎಂದು ಹೇಳಲು ಬಾಯಿ ಬಂತು. ದೇವರೇ, ಅವರು ಬಿದ್ದಿದ್ದರೂ ಬದುಕಿರಲಿ, ಕೈಕಾಲು ಮುರಿದಿದ್ದರೂ ಇರಲಿ, ನಾನು ನೋಡಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಚೌಕಾಸಿ ಮಾಡುತ್ತಿದ್ದೆ.

ಪುಲ್ ಶುರುವಾಗುವಲ್ಲಿ ಸೈಕಲ್ ಇತ್ತು. ಕಬ್ಬಿಣದ ಕಂಬಕ್ಕೆ ಒರಗಿಸಿ, ಬೀಗ ಹಾಕಿತ್ತು. ಡಬ್ಬಿಗಳಿರಲಿಲ್ಲ. ಪಕ್ಕದಲ್ಲಿ ಗೋಣಿತಾಟು ಇಳಿಬಿಟ್ಟ ಚಹದ ಅಂಗಡಿ, ಒಳಗೆ ಯಾರೂ ಇಲ್ಲ. ಬೀಗ ಹಾಕಿದ ಸೈಕಲ್ಲನ್ನು ನೋಡಿ ಬುದ್ಧಿ ಇದ್ದವರಾದರೆ ಸ್ವಲ್ಪ ಯೋಚಿಸುತ್ತಿದ್ದರು. ನನಗೆ ಹೊಳೆದದ್ದು ಬೇರೆ. ಬೇಕೆಂದೇ ಹಾರುವವರೂ ಬೀಗ ಹಾಕಿ ಹೋಗಬಹುದು, ಅವರದು ಮೊದಲೇ ಅಚ್ಚುಕಟ್ಟಿನ ಸ್ವಭಾವ ಎಂದುಕೊಂಡೆ. ಅವರಿಗೆ ಏನು ಕಷ್ಟವಿತ್ತು, ನನಗೆ ಯಾಕೆ ಹೇಳಲಿಲ್ಲ ಎಂದು ಅಲ್ಲೇ ನಿಂತು ಹುಚ್ಚಿಯ ಹಾಗೆ ಸೈಕಲಿನ ಸೀಟು ಸವರುತ್ತಿದ್ದೆ.

‘ದಾಟಾಕಿ ಏನ ಯವ್ವಾ?’

ತಿರುಗಿ ನೋಡಿದೆ. ಬುಟ್ಟಿಯೊಳಗೆ ಗೋಣಿ ಸುತ್ತಿಟ್ಟುಕೊಂಡು ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ವಿಜಾಪುರ ಕಡೆಯವಳು, ಧಾರಾವಿಯಲ್ಲಿ ಮನೆ, ವಾಶಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಗಾರೆ ಹೊರುವ ಕೆಲಸ. ತನ್ನವರನ್ನು ಕರೆದೊಯ್ಯುವ ಲಾರಿ ತಪ್ಪಿಹೋಗಿ, ಜೊತೆಗೆ ಯಾರಾದರೂ ಸಿಗಲಿ ಎಂದು ಕಾದಿದ್ದಳು.

‘ಒಬ್ಬಾಕಿಗೆ ಹೋಗಾಕ ಜೀವ ಹಾರತೈತಿ ನನಗ. ನೀ ಬರತಿದ್ದಿ ಅಂದ್ರ ಕೂಡೇ ಹೋಗೂಣು.’

ನನ್ನ ಗಂಡ ಇಲ್ಲಿಂದ ಬಿದ್ದರಂತೆ, ನೀನೇನಾದರೂ ಕಂಡೆಯಾ ಎಂದು ಕೇಳಿದೆ. ಹೇಳುವಾಗ ಮೊದಲ ಸಲ ಅಳು ಬಂತು. ಅವಳು ಎದ್ದು ನಿಂತು ನನ್ನ ಭುಜ ಹಿಡಿದುಕೊಂಡಳು.

‘ನಾ ಈಗಷ್ಟ ಬಂದೇನಿ ತಂಗಿ. ಯಾರರ ಬಿದ್ದಿದ್ರ ಮಂದಿ ಕೂಡತಿತ್ತಲ್ಲ? ಪೋಲೀಸ್ರು ಬರತಿದ್ರಲ್ಲ? ಆಚೀಕ ಹೋಗಿ ಕಾರಖಾನ್ಯಾಗ ಕೇಳೂಣು ನಡಿ.’

ವಾಶಿಯ ಬಸ್ಸಿಗೆ ಕೈ ತೋರಿಸಿದೆವು. ತುಂಬಿದ ಬಸ್ಸು ನಿಲ್ಲದೆ ಹೋಯಿತು. ಅದೂ ಅಲ್ಲದೆ ನನಗೆ ಬಸ್ಸು ಬೇಡವಾಗಿತ್ತು. ಕೆಳಗೆ ಇಣುಕಿ ನೋಡುತ್ತ ಹೋಗಬೇಕಿತ್ತು ನನಗೆ.

ಹೊರಡುವ ಮುಂಚೆ ಅವಳು ನನ್ನ ಸೆರಗಿನ ತುದಿ ಎಳೆದುಕೊಂಡು ತನ್ನ ಸೆರಗಿನ ತುದಿಗೆ ಸೇರಿಸಿ ಗಂಟು ಹಾಕಿದಳು. ಲಾರಿ ಹೋದ ಗಾಳಿಗೆ ಸೆರಗು ಹಾರಿ ಅದರ ಕೊಕ್ಕೆಗೆ ಸಿಕ್ಕರೆ ಎಳೆದುಕೊಂಡೇ ಹೋಗುತ್ತದೆ, ತಮ್ಮ ಹೆಂಗಸರೆಲ್ಲ ಹೀಗೆ ಕಟ್ಟಿಕೊಂಡೇ ದಾಟುವುದು ಎಂದಳು. ಮದುವೆಯಲ್ಲಿ ಅವರ ಶಾಲಿನೊಂದಿಗೆ ಒಮ್ಮೆ ಗಂಟು ಬಿದ್ದದ್ದು ಬಿಟ್ಟರೆ ನನ್ನ ಸೆರಗನ್ನು ಯಾರೂ ಕಟ್ಟಿರಲಿಲ್ಲ.

ಪುಲ್ ಹತ್ತಿದೆವು. ನನ್ನ ಕಣ್ಣು ಮೊದಲು ಹುಡುಕಿದ್ದು ಜಗಲಿಯನ್ನು. ಜಗಲಿಯೂ ಇಲ್ಲ, ಗಿಗಲಿಯೂ ಇಲ್ಲ. ಅಂಚಿನಲ್ಲಿ ಒಂದು ಪಾದ ಊರುವಷ್ಟು ಅಗಲದ ಸಿಮೆಂಟಿನ ತುಟಿ, ಅದರ ಆಚೆ ಸೊಂಟದೆತ್ತರದ ಕಟಾಂಜನ, ಅದರ ಆಚೆ ಬರೇ ಗಾಳಿ. ತುಟಿಯ ಮೇಲೆ ಒಂದು ಕಾಲು, ರಸ್ತೆಯ ಮೇಲೆ ಒಂದು ಕಾಲು ಇಟ್ಟು ಕುಂಟುತ್ತ ಹೋಗಬೇಕು. ಹಿಂದಿನಿಂದ ಲಾರಿಗಳು ಹಾರ್ನ್ ಒತ್ತುತ್ತ ಬಂದು, ತೋಳಿಗೆ ಬಿಸಿ ತಾಗುವಷ್ಟು ಹತ್ತಿರದಿಂದ ಹೋಗುತ್ತಿದ್ದವು. ಹೋದ ಪ್ರತಿ ಲಾರಿಯೂ ಕೆಸರುನೀರು ಮೈಮೇಲೆ ಹೊಯ್ಯುತ್ತಿತ್ತು. ಭಾರದ ಲಾರಿ ಬಂದರೆ ಕಾಲಿನ ಕೆಳಗೆ ಇಡೀ ಪುಲ್ ಅದುರುತ್ತಿತ್ತು. ಸಿಮೆಂಟಿನ ತುಂಡಿಗೂ ತುಂಡಿಗೂ ನಡುವೆ ಒಂದು ಸೀಳು, ಅದರೊಳಗೆ ಕೆಳಗಿನ ನೀರು ಕಾಣುತ್ತಿತ್ತು. ಆ ಸೀಳನ್ನು ದಾಟುವಾಗಲೆಲ್ಲ ನನಗೆ ಉಸಿರು ನಿಂತುಹೋಗುತ್ತಿತ್ತು. ಊರಿನ ಸಂಕವಾದರೂ ಕಾಲಿಗೆಂದೇ ಮಾಡಿದ್ದು. ಇಷ್ಟು ದೊಡ್ಡ ಪುಲ್ ಕಟ್ಟಿದವರಿಗೆ ಮನುಷ್ಯರಿಗೆ ಕಾಲಿರುತ್ತದೆ ಎಂಬುದು ನೆನಪೇ ಆಗಲಿಲ್ಲವೇ ಎಂದು ಹೊಟ್ಟೆ ಉರಿಯಿತು.

ಅವರ ಮೇಲೂ ಸಿಟ್ಟು ಬಂತು. ಹೋದವರ ಮೇಲೆ ಸಿಟ್ಟು ಮಾಡಬಾರದು. ಆದರೂ ಬಂತು. ಜಗಲಿಯಂತೆ, ಚಾಪೆಯಂತೆ! ದಿನಾ ಎರಡು ಸಲ ಈ ಸಾವಿನ ಬಾಯಿಯೊಳಗೆ ತಲೆಯಿಟ್ಟು ಹೊರಗೆ ಬಂದು, ಮನೆಯಲ್ಲಿ ಕುಳಿತು ಅನ್ನ ಕಲಸುತ್ತ ನನಗೆ ಕತೆ ಹೇಳಿದರಲ್ಲ ಈ ಮನುಷ್ಯ.

ಅರ್ಧದಾರಿಯ ಹತ್ತಿರ ಎದುರಿನಿಂದ ಒಬ್ಬ ಹಾಲಿನ ಕ್ಯಾನುಗಳ ಸೈಕಲ್ ತಳ್ಳಿಕೊಂಡು ಬಂದ. ಅವನಿಗೂ ಜಾಗವಿಲ್ಲ, ನಮಗೂ ಇಲ್ಲ. ಅವನು ಸೈಕಲನ್ನು ಕಟಾಂಜನಕ್ಕೆ ಒತ್ತಿ ಹಿಡಿದು ನಿಂತ. ನಾವು ಲಾರಿಗಳ ನಡುವೆ ಬಿಡುವು ನೋಡಿ ರಸ್ತೆಗಿಳಿದು ಅವನನ್ನು ಸುತ್ತಿ ಹೋದೆವು. ಅವನ ತುಟಿಯೂ ಏನೋ ಜಪಿಸುತ್ತಿತ್ತು.

ನಾನು ಹೆಜ್ಜೆಗೊಮ್ಮೆ ಕೆಳಗೆ ಇಣುಕುತ್ತಿದ್ದೆ. ನೀರು ಇಳಿದಿತ್ತು, ಕೆಸರಿನ ದಿಬ್ಬಗಳು ಎದ್ದಿದ್ದವು, ಬೆಳ್ಳಕ್ಕಿಗಳು ನಿಂತಿದ್ದವು. ಒಂದು ಕಂಬದ ಬುಡದಲ್ಲಿ ನೀಲಿ ಕಂಡಿತು. ಬೆಳಿಗ್ಗೆ ಅವರು ಹಾಕಿಕೊಂಡದ್ದು ನೀಲಿ ಅಂಗಿ. ಅದು ನೀರಿನ ಅಲುಗಾಟಕ್ಕೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬೆನ್ನು ಮೇಲಾಗಿ ಮಲಗಿದ ಹಾಗೆ. ನಾನು ಕಟಾಂಜನ ಹಿಡಿದು ಕೂಗಲು ನೋಡಿದೆ, ಧ್ವನಿ ಹೊರಡಲಿಲ್ಲ. ಜೊತೆಯವಳು ಬಗ್ಗಿ ಬಹಳ ಹೊತ್ತು ನೋಡಿದಳು.

‘ತಾಡಪತ್ರಿ ಅದು, ತಂಗಿ. ಹರಕ ತಾಡಪತ್ರಿ. ಅಲ್ಲೇ ನೋಡು, ಹಗ್ಗ ಐತಿ.’

ಹಗ್ಗ ಇತ್ತು, ಲಾರಿಗೆ ಹೊದಿಸುವ ಟಾರ್ಪಾಲು. ಆದರೂ ಕಾಲು ಮುಂದೆ ಬರಲಿಲ್ಲ. ಊರಿನ ಸಂಕದ ಮೇಲೆ ಕುಳಿತ ಹಾಗೆ ಅಲ್ಲೇ ಕುಳಿತುಬಿಡೋಣ ಎನಿಸಿತು. ಅವಳು ಸೆರಗಿನ ಗಂಟನ್ನು ಮೆಲ್ಲಗೆ ಎಳೆದಳು, ಹಗ್ಗ ಎಳೆದರೆ ಕರು ಬರುವಂತೆ ನಾನು ಹಿಂದೆ ಹೋದೆ.

ಸ್ವಲ್ಪ ಮುಂದೆ ಹೋಗಿರಬೇಕು. ರಸ್ತೆಯ ಆಚೆ ಮಗ್ಗುಲಿನ ಅಂಚಿನಲ್ಲಿ, ಮುಂಬಯಿಯತ್ತ ಮುಖ ಮಾಡಿ, ಹೆಗಲಿನ ಮೇಲೆ ಒಂದು ಡಬ್ಬಿ, ಕೈಯಲ್ಲಿ ಇನ್ನೊಂದು ಡಬ್ಬಿ ಹಿಡಿದು ಒಬ್ಬರು ನಡೆದು ಬರುತ್ತಿದ್ದರು. ನೀಲಿ ಅಂಗಿ. ಆ ನಡಿಗೆ ನನಗೆ ಗೊತ್ತಿಲ್ಲವೇ?

ನಾನು ಕೂಗಿದೆ. ಲಾರಿಗಳ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಅವರು ತಲೆ ತಗ್ಗಿಸಿ, ಪಾದ ನೋಡಿಕೊಂಡು ನಮ್ಮನ್ನು ದಾಟಿ ಹೋಗುವವರಿದ್ದರು. ಇನ್ನೊಂದು ಗಳಿಗೆ ಬಿಟ್ಟರೆ ಮತ್ತೆ ಕಳೆದುಕೊಳ್ಳುತ್ತೇನೆ ಎಂದು ಅನಿಸಿದ್ದೇ ತಡ, ಏನೂ ನೋಡದೆ ರಸ್ತೆಗೆ ಹಾರಿದೆ.

ಸೆರಗು ಜಗ್ಗಿತು. ಭುಜ ಕಿತ್ತುಬರುವಂತೆ ಹಿಂದಕ್ಕೆ ಎಳೆದು ಕಟಾಂಜನಕ್ಕೆ ಒಗೆಯಿತು. ನನ್ನ ಮೂಗಿನ ಮುಂದೆ ಲಾರಿಯ ಚಕ್ರಗಳು ಒಂದರ ಹಿಂದೆ ಒಂದು ಉರುಳಿ ಹೋದವು. ಬುಟ್ಟಿ ಬಿದ್ದು ಉರುಳಿತ್ತು. ಅವಳು ಎರಡೂ ಕೈಯಿಂದ ನನ್ನ ಸೆರಗನ್ನು ಸುತ್ತಿ ಹಿಡಿದು, ಕಾಲು ಊರಿ ನಿಂತಿದ್ದಳು.

‘ಹುಚ್ಚ ಹಿಡದೈತೇನ ನಿನಗ! ಗಂಡ ಜೀವಂತ ಅದಾನ ಅಂತ ನೀ ಸಾಯಾಕ ಹೊಂಟೀಯೇನ?’

ಲಾರಿಯ ಬ್ರೇಕಿನ ಕಿರುಚಾಟಕ್ಕೆ ಅವರು ತಲೆಯೆತ್ತಿದ್ದರು. ನನ್ನನ್ನು ನೋಡಿದರು. ಹೆಗಲಿನ ಡಬ್ಬಿ ಕೆಳಗಿಟ್ಟು, ಆ ಸಿಮೆಂಟಿನ ತುಟಿಯ ಮೇಲೆ ಕುಳಿತುಬಿಟ್ಟರು. ನಮ್ಮಿಬ್ಬರ ನಡುವೆ ಆ ಕಡೆಯ ಲಾರಿಗಳು, ಈ ಕಡೆಯ ಲಾರಿಗಳು. ದಾಟುವ ಹಾಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಆ ಬದಿಯಲ್ಲೇ ಇರು, ಮುಂದೆ ನಡಿ ಎಂದು ಕೈಸನ್ನೆ ಮಾಡಿದರು. ತಾವೂ ಬಂದ ದಾರಿಗೇ ತಿರುಗಿದರು. ಅವರು ಆ ಅಂಚಿನಲ್ಲಿ, ನಾವಿಬ್ಬರು ಈ ಅಂಚಿನಲ್ಲಿ, ವಾಶಿಯವರೆಗೂ ಸಮಸಮವಾಗಿ ನಡೆದೆವು. ಲಾರಿ ಅಡ್ಡ ಬಂದಾಗ ಅವರು ಮಾಯವಾಗುವರು, ಲಾರಿ ಹೋದ ಮೇಲೆ ಮತ್ತೆ ಕಾಣುವರು. ಮಾಯವಾದಾಗಲೆಲ್ಲ ನಾನು ಹೆಜ್ಜೆ ನಿಲ್ಲಿಸಿ, ಕಂಡ ಮೇಲೆ ಮತ್ತೆ ನಡೆಯುತ್ತಿದ್ದೆ.

ಪುಲ್ ಇಳಿದ ಮೇಲೆ ಅವರು ರಸ್ತೆ ದಾಟಿ ಬಂದರು.

‘ನೀನು ಎಂತ ಇಲ್ಲಿ?’ ಎಂದರು.

‘ನೀವು ಹೋದ್ರಿ ಅಂತ ಹೇಳಿದ್ಳು. ಪುಲ್ ಮೇಲಿಂದ.’

‘ಹೌದು. ಪುಲ್ ಮೇಲಿಂದಲೇ ಹೋದದ್ದು. ಮತ್ತೆ ಎಲ್ಲಿಂದ ಹೋಗುವುದು?’

ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಗಾರೆ ಹೊರುವವಳು ಬಾಯಿಗೆ ಸೆರಗು ಹಿಡಿಯಲು ಹೋದಳು, ಸೆರಗು ಗಂಟಿನಲ್ಲಿತ್ತು. ಹಾಗೇ ನಕ್ಕಳು. ನಾನು ಮಾತ್ರ ಆಗ ದೊಡ್ಡ ಸ್ವರದಲ್ಲಿ ಅತ್ತೆ. ಹಾದಿಬೀದಿ ಎಂದೂ ನೋಡದೆ ಅವರ ಎದೆಗೆ ಗುದ್ದಿದೆ.

‘ಜಗಲಿ ಎಲ್ಲಿ? ತೋರಿಸಿ ನನಗೆ. ಜಗಲಿ ಎಲ್ಲುಂಟು?’

ಅವರು ಕೆಸರು ಮೆತ್ತಿದ ತಮ್ಮ ಚಪ್ಪಲಿ ನೋಡುತ್ತ ನಿಂತರು. ಮೊದಲ ದಿನದಿಂದಲೇ ಪುಲ್ ಮೇಲೆ ಸೈಕಲ್ ಹತ್ತಲು ತನಗೆ ಧೈರ್ಯ ಬಂದಿರಲಿಲ್ಲ, ದಿನಾ ಇಳಿದು ತಳ್ಳಿಕೊಂಡೇ ದಾಟುತ್ತಿದ್ದೆ ಎಂದರು. ಹಿಂದಿನ ದಿನ ಒಂದು ಲಾರಿ ಡಬ್ಬಿಗೆ ತಾಗಿ ಸೈಕಲ್ ಕಟಾಂಜನಕ್ಕೆ ಬಡಿದಿತ್ತಂತೆ. ಅದಕ್ಕೇ ಈ ದಿನ ಸೈಕಲ್ಲನ್ನು ಚಹದಂಗಡಿಯ ಹತ್ತಿರ ಬಿಟ್ಟು, ಡಬ್ಬಿ ಹೊತ್ತು ನಡೆದೇ ಹೋಗಿದ್ದರು. ಬರುವಾಗ ತಡವಾದರೆ ನಾನು ಗಾಬರಿ ಬೀಳುತ್ತೇನೆಂದು ಚಹದವನಿಗೆ ಫೋನ್ ಮಾಡಲು ಹೇಳಿದ್ದರು.

‘ನಿನಗೆ ಹೆದರಿಕೆ ಆಗ್ಬಾರ್ದು ಅಂತ ಮಾರಾಯ್ತಿ,’ ಎಂದರು.

ನೆನೆದ ಗಂಟು ಬಿಗಿದುಕೊಂಡಿತ್ತು. ಅವಳು ಹಲ್ಲಿನಲ್ಲಿ ಕಚ್ಚಿ ಬಿಡಿಸಿ, ಬುಟ್ಟಿ ತಲೆಗೇರಿಸಿ, ‘ಬರತೇನಿ ಯವ್ವಾ’ ಎಂದು ಕಟ್ಟಡಗಳ ಕಡೆ ಹೋದಳು. ಹೆಸರು ಕೇಳಲು ನೆನಪಾಗಲಿಲ್ಲ. ನಾವು ಸೈಕಲ್ ಇದ್ದಲ್ಲಿಯವರೆಗೆ ಬಸ್ಸು ಹಿಡಿದು ಮರಳಿದೆವು. ಬಸ್ಸು ಪುಲ್ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಮೆಲ್ಲಗೆ ಕಣ್ಣು ತೆರೆದು ನೋಡಿದರೆ, ಅವರೂ ಮುಚ್ಚಿಕೊಂಡಿದ್ದರು.

ಸಂಜೆ ಆ ಹುಡುಗಿಯನ್ನು ಹಿಡಿದು ನಿಲ್ಲಿಸಿ, ಚಹದವನು ಹೇಳಿದ್ದು ಏನು ಎಂದು ಕೇಳಿದೆ. ‘ಪುಲ್ ಪರ್ ಸೆ ಪೈದಲ್ ಚಲೇ ಗಯೇ’ ಎಂದಿದ್ದನಂತೆ.

‘ಪೈದಲ್‌ಗೆ ಕನ್ನಡದಲ್ಲಿ ಏನಂತಾರೆ ಗೊತ್ತಾಗ್ಲಿಲ್ಲ ಅಕ್ಕಾ. ಅದಕ್ಕೆ ಬಿಟ್ಬಿಟ್ಟೆ.’

ನಡೆದುಕೊಂಡು ಎನ್ನಬೇಕು ಎಂದು ಹೇಳಿಕೊಟ್ಟೆ. ಬೈಯಲು ಮನಸ್ಸಾಗಲಿಲ್ಲ. ಪುಲ್ ಕಟ್ಟಿದವರೂ ಅದೊಂದನ್ನೇ ಬಿಟ್ಟಿದ್ದರು, ಅವರನ್ನು ಯಾರು ಬೈದರು?

ಮರುದಿನವೂ ಇಡ್ಲಿ ಬೇಯಿಸಬೇಕಿತ್ತು, ಬೇಯಿಸಿದೆವು. ಬೇಡ, ದಾದರಿನ ಹೋಟೆಲಿಗೇ ಹೋಗಿ ಎಂದು ರಾತ್ರಿಯಿಡೀ ಹೇಳಿದ್ದೆ. ಹಿಡಿದ ಕೆಲಸ ಬಿಟ್ಟು ಮತ್ತೆ ಇನ್ನೊಬ್ಬರ ಒಲೆಯ ಮುಂದೆ ನಿಲ್ಲುವುದು ಅವರಿಗೆ ಆಗಲಿಲ್ಲ. ಸೈಕಲ್ಲನ್ನು ಪುಲ್‌ನ ಈಚೆ ತುದಿಯಲ್ಲಿ ಬಿಟ್ಟು, ಡಬ್ಬಿ ಹೊತ್ತು ದಾಟುತ್ತಿದ್ದರು. ಕಾರ್ಖಾನೆಯವರು ವ್ಯಾನು ಕಳಿಸುವಂತಾದದ್ದು ಎಷ್ಟೋ ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ, ಅವರು ಬಾಗಿಲಲ್ಲಿ ‘ಬರ್ತೇನೆ’ ಎಂದಾಗ ನಾನು ಸ್ಟವ್ ಬಿಟ್ಟು ಎದ್ದು ಹೋಗುತ್ತಿದ್ದೆ. ‘ಬನ್ನಿ’ ಎಂದು ಹೇಳಿ, ಅವರು ಮೆಟ್ಟಿಲು ಇಳಿಯುವಾಗ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದೆ. ನನ್ನ ಎಲ್ಲ ಸೀರೆಗಳ ಸೆರಗೂ ಮುದುಡಿಹೋಗಿತ್ತು.

ಅದರಲ್ಲಿ ಏನು ಕಟ್ಟಿಕೊಂಡಿದ್ದೀರಿ ಅಕ್ಕಾ, ಬೀಗದ ಕೈಯಾ ಎಂದು ಆ ಹುಡುಗಿ ಒಮ್ಮೆ ಕೇಳಿದಳು.

‘ನೀನು ಬಿಟ್ಟ ಮಾತು,’ ಎಂದೆ.

ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಸೈಕಲಿನ ಬೆಲ್ಲು ಕೇಳಿತು, ಖಾಲಿ ಡಬ್ಬಿಗಳು ಒಂದಕ್ಕೊಂದು ತಾಗಿದ್ದು ಕೇಳಿತು. ನಾನು ಗಂಟು ಬಿಚ್ಚಿದೆ.